ಪುಕ್ಕಟೆ ರೈಫಲ್, ಪುಕ್ಕಟೆ ತೋಟಾ, ಆಮೇಲೆ ವಿಮರ್ಶೆ

ದಾವಣಗೆರೆಯ ಹುಡುಗನೊಬ್ಬ ಇಲ್ಲೇ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ನಮ್ಮೂರಿಂದ ಅರ್ಧ ಗಂಟೆ ದೂರದಲ್ಲಿದ್ದಾನೆ. ಈ ವರ್ಷ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದ್ದಾನೆ. ನವೆಂಬರಿನ ಒಂಬತ್ತು ದಿನದ ಜಿಂಕೆ ಸೀಸನ್ನಿಗೆ ಮೊದಲ ರೈಫಲ್ ಕೊಳ್ಳುವ ಉಮೇದು. ಹೋದ ವಾರ ಫೋನ್ ಮಾಡಿ, "ಅಣ್ಣಾ, ಈ ಹೊಸ ತೋಟಾದ ರೈಫಲ್ಲೇ ತಗೊಳ್ಳಲಾ? ಎಲ್ರೂ ಅದನ್ನೇ ಹೇಳ್ತಿದಾರೆ" ಅಂದ. (ತೋಟಾ ಅಂದರೆ ಕೇಸು, ಮದ್ದು, ಗುಂಡು ಸೇರಿದ ಕಾರ್ಟ್ರಿಜ್. ಒಂದು ರೈಫಲ್ಲಿಗೆ ಅದರ ಅಳತೆಯ ತೋಟಾ ಮಾತ್ರ.) ಎಲ್ರೂ ಅಂದ್ರೆ ಯಾರಪ್ಪಾ ಅಂತ ಕೇಳಿದೆ. ಐದು ವೀಡಿಯೊ ಕಳಿಸಿದ.

ರಾತ್ರಿ ಕೂತು ಐದನ್ನೂ ನೋಡಿದೆ. ಐದೂ ಬಂದಿದ್ದು ಒಂದೇ ದಿನ. ಐದರಲ್ಲೂ ಅದೇ ಒಣ ಗುಡ್ಡ, ಅದೇ ಕಬ್ಬಿಣದ ಗೇಟು, ಅದೇ ಬಿಳಿ ಪಿಕಪ್. ಕಂಪನಿಯವರೇ ಐವರನ್ನೂ ಒಂದೇ ರಾಂಚ್‌ಗೆ ಕರೆಸಿ, ರೈಫಲ್, ತೋಟಾ, ಊಟ, ವಸತಿ, ಬೇಟೆ ಎಲ್ಲ ಕೊಟ್ಟು ಕಳಿಸಿದ್ದಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಬ್ಬರು ಮಾತ್ರ ಅದನ್ನು ಒಪ್ಪಿಕೊಂಡಿದ್ದರು, ಅದೂ ವೀಡಿಯೊದ ಕೆಳಗೆ, ಒತ್ತಿ ಬಿಡಿಸಿದರೆ ಮಾತ್ರ ಕಾಣುವ ಸಾಲಿನಲ್ಲಿ. ಪುಕ್ಕಟೆ ಸಾಮಾನು ಪಡೆದು ಹೊಗಳಿದರೂ ಅದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು ಅಂತ ಗ್ರಾಹಕರ ಹಿತ ಕಾಯುವ ಇಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಿಂದಲೇ ಹೇಳುತ್ತಿದೆ. ವೀಡಿಯೊದಲ್ಲಿ ಹೊಗಳಿದ್ದರೆ ವೀಡಿಯೊದೊಳಗೇ ಹೇಳಬೇಕು, ಕೆಳಗಿನ ವಿವರಣೆಯಲ್ಲಿ ಸೇರಿಸಿದರೆ ಸಾಲದು.

ಅವರು ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುವುದಿಲ್ಲ. ಆ ತೋಟಾ ಚೆನ್ನಾಗಿಯೇ ಹೊಡೆಯುತ್ತದೆ, ಇವತ್ತು ಕೆಟ್ಟ ತೋಟಾ ಬರುವುದೇ ಅಪರೂಪ. ನನ್ನ ಸಿಟ್ಟು ಅವರು ಕೇಳದೇ ಬಿಟ್ಟ ಒಂದು ಪ್ರಶ್ನೆಯ ಬಗ್ಗೆ. ಹಳೆಯ ತೋಟಾಕ್ಕೆ ಬೀಳದ ಯಾವ ಜಿಂಕೆ ಇದಕ್ಕೆ ಬೀಳುತ್ತದೆ? ಬೇಟೆಗೆ ಕರೆಸಿದವರ ಮನೆಯಲ್ಲಿ ಉಂಡು ಕೂತವನು ಇದನ್ನು ಕೇಳಲಾರ.

ಲೆಕ್ಕಕ್ಕೆ 7 ಎಂಎಂ ಪಿಆರ್‌ಸಿ ಅನ್ನುವ ಹೊಸ ತೋಟಾವನ್ನೇ ತೆಗೆದುಕೊಳ್ಳಿ. ಹಾರ್ನಡಿ ಕಂಪನಿ 2022ರ ಕೊನೆಗೆ ತಂದದ್ದು. 175 ಗ್ರೇನ್ (ಸುಮಾರು 11 ಗ್ರಾಂ) ತೂಕದ ಗುಂಡು, ಸೆಕೆಂಡಿಗೆ 3000 ಅಡಿ. ಒಳ್ಳೆಯ ತೋಟಾ, ತಕರಾರಿಲ್ಲ. ಅದಕ್ಕೂ 60 ವರ್ಷ ಮೊದಲು, 1962ರಲ್ಲಿ ಬಂದ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್‌ನಲ್ಲಿ ಅದೇ ಹಾರ್ನಡಿಯವರ 162 ಗ್ರೇನ್ ಗುಂಡು 2940 ಅಡಿ ವೇಗದಲ್ಲಿ ಹೋಗುತ್ತದೆ. ದೊಡ್ಡ ವ್ಯತ್ಯಾಸ ಇರುವುದು ನಳಿಗೆಯೊಳಗೆ ಗುಂಡನ್ನು ಸುತ್ತಿಸುವ ತಿರುಪಿನಲ್ಲಿ. ಹಳೆಯದಕ್ಕೆ ಸಾಮಾನ್ಯವಾಗಿ ಒಂಬತ್ತು, ಒಂಬತ್ತೂವರೆ ಇಂಚಿಗೆ ಒಂದು ಸುತ್ತು, ಹೊಸದಕ್ಕೆ ಎಂಟು ಇಂಚಿಗೆ ಒಂದು. ಉದ್ದನೆಯ ಭಾರದ ಗುಂಡು ತೂರಾಡದೆ ಹೋಗಬೇಕಾದರೆ ಆ ಬಿಗಿ ತಿರುಪು ಬೇಕು. ಹಳೆ ತೋಟಾಕ್ಕೇ ಬಿಗಿ ತಿರುಪಿನ ನಳಿಗೆ ಹಾಕಿಸಿದರೆ ಈ ಲಾಭದಲ್ಲಿ ಬಹುಪಾಲು ಸಿಗುತ್ತದೆ. ವೀಡಿಯೊಗಳಲ್ಲಿ ಹೊಸ ತೋಟಾದ ಚೂಪು ಗುಂಡನ್ನು ಹಳೆಯದರ ಮೊಂಡು ಗುಂಡಿನ ಪಕ್ಕ ಇಟ್ಟು ತೋರಿಸುತ್ತಾರೆ. ಗುಂಡಿನ ಗುಣವೆಲ್ಲ ತೋಟಾದ ಖಾತೆಗೆ ಹೋಗುತ್ತದೆ.

ಇನ್ನು 1906ರ 30-06 ತೋಟಾ, ಇಲ್ಲಿನವರ ಬಾಯಲ್ಲಿ ತರ್ಟಿ-ಆಟ್-ಸಿಕ್ಸ್. ಎರಡಕ್ಕೂ 200 ಗಜದಲ್ಲಿ ಗುಂಡು ಗುರಿಗೇ ಬೀಳುವಂತೆ ಸೈಟ್ ಕೂರಿಸಿದರೆ, 300 ಗಜದಲ್ಲಿ ಅದರ ಗುಂಡು ಪಿಆರ್‌ಸಿಗಿಂತ ಒಂದೆರಡು ಇಂಚು ಹೆಚ್ಚು ಇಳಿಯುತ್ತದೆ, ಅಷ್ಟೇ. ಜಿಂಕೆಯ ಎದೆಭಾಗದಲ್ಲಿ ನಮಗೆ ಸಿಗುವ ಗುರಿ ಎಂಟು ಇಂಚಿಗೆ ಕಮ್ಮಿಯಿಲ್ಲ. ಇಲ್ಲಿನ ಕಾಡಿನಲ್ಲಿ ಇಷ್ಟು ವರ್ಷದಲ್ಲಿ ನಾನು ಹೊಡೆದ ಅತಿ ದೂರದ ಜಿಂಕೆ 140 ಗಜದಲ್ಲಿತ್ತು.

ಯಾವ ತೋಟಾ ಉಳಿಯುತ್ತದೆ, ಯಾವುದು ಹೋಗುತ್ತದೆ ಅನ್ನುವುದು ಮೊದಲ ವರ್ಷದ ಹೊಗಳಿಕೆಯಿಂದ ಗೊತ್ತಾಗುವುದೇ ಇಲ್ಲ. 2007ರಲ್ಲಿ ಇದೇ ಹಾರ್ನಡಿ ಕಂಪನಿಯಿಂದ ಎರಡು ತೋಟಾ ಬಂದವು, 30 ಟಿಸಿ ಮತ್ತು 6.5 ಕ್ರೀಡ್‌ಮೋರ್. ಎರಡನೆಯದು ಮೊದಲನೆಯದರ ಕೇಸಿನಿಂದಲೇ ಹುಟ್ಟಿದ್ದು. ಇವತ್ತು ಕ್ರೀಡ್‌ಮೋರ್ ಸಿಗದ ಅಂಗಡಿಯಿಲ್ಲ, 30 ಟಿಸಿ ಅಂದರೆ ಕೌಂಟರಿನ ಹುಡುಗ ಮುಖ ನೋಡುತ್ತಾನೆ. ವಿಂಚೆಸ್ಟರ್‌ನವರ ಗಿಡ್ಡ ದಪ್ಪ ಡಬ್ಲ್ಯುಎಸ್‌ಎಸ್‌ಎಂ ತೋಟಾಗಳು 2003ರ ಸುಮಾರಿಗೆ ಬಂದು, ಕೆಲವೇ ವರ್ಷದಲ್ಲಿ ಮೂಲೆ ಸೇರಿದವು.

ನನ್ನ ಬೀರುವಿನಲ್ಲೂ ಅಂಥದ್ದೊಂದು ಅನಾಥ ರೈಫಲ್ ಇದೆ. ಯಾವುದು ಅಂತ ಹೇಳುವುದಿಲ್ಲ. ಪತ್ರಿಕೆಯ ಒಂದು ವಿಮರ್ಶೆ ಓದಿ, ಮೊದಲ ಬೋನಸ್ಸಿನ ದುಡ್ಡು ಹಾಕಿ ಕೊಂಡಿದ್ದೆ. ಆ ವಿಮರ್ಶೆಯ ಎದುರು ಪುಟದಲ್ಲೇ ಅದೇ ಕಂಪನಿಯ ಜಾಹೀರಾತು ಇತ್ತು, ಆಗ ಅದು ತಲೆಗೆ ಹೋಗಲಿಲ್ಲ. 2020-21ರಲ್ಲಿ ದೇಶಕ್ಕೆಲ್ಲ ತೋಟಾಗಳ ಬರ ಬಂದಾಗ ನಾಲ್ಕು ಊರು ಸುತ್ತಿದರೂ ಅದಕ್ಕೆ ಒಂದು ಡಬ್ಬಿ ಸಿಗಲಿಲ್ಲ. ಆ ಸೀಸನ್ ಪೂರ್ತಿ ಗೆಳೆಯನ ರೈಫಲ್ ಎರವಲು ತಂದು ಕಳೆದೆ. ವಿಮರ್ಶೆ ಬರೆದವರಿಗೆ ಆ ಹೊತ್ತಿಗೆ ಬೇರೆ ಹೊಸ ತೋಟಾ ಬಂದಿರುತ್ತದೆ.

ಮೂರು ಗುಂಡಿನ ಗುಂಪಿನ ಬಗ್ಗೆಯೂ ಹೇಳಿಬಿಡುತ್ತೇನೆ. ನೂರು ಗಜದಲ್ಲಿ ಮೂರು ಗುಂಡು ಒಂದು ನಾಣ್ಯದಡಿ ಮುಚ್ಚುವ ಹಾಗೆ ಬಿದ್ದಿದ್ದನ್ನು ಎಲ್ಲರೂ ತೋರಿಸುತ್ತಾರೆ. ನನ್ನ ಹಳೆ 308 ರೈಫಲ್ಲಿನಲ್ಲೂ ಅಂಥ ಮೂರು ಎಷ್ಟೋ ಸಲ ಬಿದ್ದಿವೆ. ಅದೇ ಕಾಗದಕ್ಕೆ ಹತ್ತು ಹೊಡೆದರೆ ಗುಂಪು ಸಾಮಾನ್ಯವಾಗಿ ಒಂದೂವರೆ ಪಟ್ಟಿಗೂ ಹೆಚ್ಚು ಅಗಲವಾಗುತ್ತದೆ. ನಿಜ ಹೇಳುವುದು ಆ ಹತ್ತು.

ಎಲ್ಲಕ್ಕಿಂತ ನನಗೆ ನೋವಾಗುವುದು 600 ಗಜದ ದೃಶ್ಯಗಳನ್ನು ನೋಡಿದಾಗ. ಅಷ್ಟು ದೂರಕ್ಕೆ ಎಂಥ ವೇಗದ ಗುಂಡಿಗೂ ಸುಮಾರು ಮುಕ್ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ತಪ್ಪಿದ ಈಡು ವೀಡಿಯೊಗೆ ಬರುವುದಿಲ್ಲ, ನೋಡಿದ ಹೊಸಬ ತನ್ನಿಂದಲೂ ಆಗುತ್ತದೆ ಅಂದುಕೊಳ್ಳುತ್ತಾನೆ. ಕೊಡಗಿನ ನಮ್ಮ ಮನೆಯಲ್ಲಿ ಜೋಡುನಳಿಗೆಯ ತೋಟಾ ಕೋವಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತು, ಕೈಲ್ ಪೋಳ್ದ್ ಹಬ್ಬದ ಆಯುಧ ಪೂಜೆಗೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಮಾತ್ರ ಅದು ಹೊರಗೆ ಬರುತ್ತಿತ್ತು. ಅಪ್ಪ ಹೇಳುತ್ತಿದ್ದ ಹಳೆ ಬೇಟೆ ಕಥೆಗಳಲ್ಲಿ ಕೋವಿಯ ಹೊಗಳಿಕೆ ಕೇಳಿದ ನೆನಪಿಲ್ಲ. ಎಷ್ಟು ಹತ್ತಿರ ಹೋದರು, ಗಾಳಿ ಯಾವ ಕಡೆಗಿತ್ತು, ಗಾಯಗೊಂಡ ಕಾಡುಹಂದಿಯನ್ನು ಬಿಟ್ಟು ಬರಲಾಗದೆ ಎಷ್ಟು ಹೊತ್ತು ಹುಡುಕಿದರು, ಇವೇ ಇರುತ್ತಿದ್ದವು.

ಶನಿವಾರ ಹುಡುಗನನ್ನು ರೇಂಜಿಗೆ ಕರೆದುಕೊಂಡು ಹೋಗಿ ನನ್ನ 308 ಕೈಗೆ ಕೊಟ್ಟೆ. ನಲವತ್ತು ತೋಟಾ ಹೊಡೆದ. ಕೊನೆಯ ಹತ್ತು ತಟ್ಟೆಯಗಲದೊಳಗೆ ಬಿದ್ದವು. "ಇದೇ ಸಾಕು ಅಲ್ವಾ ಅಣ್ಣಾ?" ಅಂದ. ಈ ಸೀಸನ್ನಿಗೆ ಸಾಕು ಅಂದೆ.

ಸ್ನೇಹಿತರ ಪಟ್ಟಿಯಲ್ಲಿ ಇಲ್ಲಿ ಬೇಟೆಯಾಡುವವರು ಹಲವರಿದ್ದೀರಿ. ಹೊಸ ತೋಟಾದ ರೈಫಲ್ಲನ್ನು ಸ್ವಂತ ದುಡ್ಡಲ್ಲಿ ಕೊಂಡು ಎರಡು ಸೀಸನ್ ಕಳೆದವರಿದ್ದರೆ ದಯವಿಟ್ಟು ಬರೆಯಿರಿ. ಡಬ್ಬಿಗೆ ಎಷ್ಟು ಕೊಟ್ಟಿರಿ, ನಿಮ್ಮೂರ ಅಂಗಡಿಯಲ್ಲಿ ಸಿಗುತ್ತದಾ, ಹತ್ತು ಗುಂಡಿನ ಗುಂಪು ಎಷ್ಟಗಲ, ಜಿಂಕೆ ಎಷ್ಟು ಗಜದಲ್ಲಿ ನಿಂತಿತ್ತು. ಹುಡುಗನಿಗೆ ಅದನ್ನೇ ತೋರಿಸುತ್ತೇನೆ.