ಅಣ್ಣನ ಬಗ್ಗೆ ಬರೆದಿದ್ದ ಆ ಲೇಖನ

ಎಂಟು ವರ್ಷದ ಹಿಂದೆ ಅಣ್ಣನ ಬಗ್ಗೆ ಒಂದು ಲೇಖನ ಬರೆದು ಇಲ್ಲೇ ಹಾಕಿದ್ದೆ. ತುಂಬಾ ಜನ ಓದಿದ್ದರು. ಕಣ್ಣು ತುಂಬಿ ಬಂತು ಅಂದಿದ್ದರು. ಈಗಲೂ ಯಾರಾದರೂ ಸಿಕ್ಕಿದರೆ ಅದನ್ನೇ ನೆನಪಿಸುತ್ತಾರೆ. ಮೊನ್ನೆ ಅದನ್ನು ಅಳಿಸಿದೆ. ಯಾಕೆ ಅಂತ ಹೇಳಬೇಕು.

ನಮ್ಮದು ತಿಪಟೂರು ಕಡೆ ಹಳ್ಳಿ. ಕಾಯಿಗಳನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತೇವೆ. ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದಾಗ ಒಳಗೆ ಲೊಡಲೊಡ ಅಂದರೆ ಕೊಬ್ಬರಿ ಆಯ್ತು ಅಂತ ಲೆಕ್ಕ. ಅಣ್ಣ ಅಟ್ಟದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಾಯಿ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸುತ್ತಾನೆ. ಆಗಿದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ಅವನ ಕಿವಿ ಒಂದು ಸಲವೂ ತಪ್ಪಿಲ್ಲ ಅಂತ ಲೇಖನದಲ್ಲಿ ಬರೆದಿದ್ದೆ. ಅದು ಸುಳ್ಳು. ತಪ್ಪುತ್ತದೆ. ಸಂಜೆ ಅಪ್ಪ ಕೂತು ಮತ್ತೆ ಒಂದು ಸಲ ನೋಡುತ್ತಾರೆ. ಬುದ್ಧಿ ಬೆಳೆಯದವನ ಮೇಲೆ ಪ್ರೀತಿ ಬರಬೇಕಾದರೆ ಅವನಲ್ಲಿ ಏನಾದರೂ ಪವಾಡ ಇರಲೇಬೇಕು ಅನ್ನೋ ಹಾಗೆ ಬರೆದಿದ್ದೆ.

ಬರೆಯದೆ ಬಿಟ್ಟಿದ್ದೇ ಜಾಸ್ತಿ.

ಅಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಮೂರನೇ ಕ್ಲಾಸಿನಲ್ಲೇ ಉಳಿದುಬಿಟ್ಟ. ನಾನು ಮೂರಕ್ಕೆ ಬಂದಾಗ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದರು. ಹುಡುಗರು ನಕ್ಕರು. ಅವತ್ತಿನಿಂದ ನಾನು ಅವನನ್ನು ಅಣ್ಣ ಅನ್ನೋದು ಬಿಟ್ಟೆ, ಹೆಸರು ಹಿಡಿದು ಕರೆದೆ. "ನಾನು ಅಣ್ಣ" ಅಂತ ಅವನು ಪ್ರತಿ ಸಲ ತಿದ್ದುತ್ತಿದ್ದ. ಬರಹದಲ್ಲಿ ಅಣ್ಣ ಅಣ್ಣ ಅಂತೀನಲ್ಲ, ಎದುರಿಗೆ ಇವತ್ತಿಗೂ ಹೆಸರೇ.

2011ರಲ್ಲಿ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡೋಕೆ ಬಂದರು. ಅವತ್ತು ಬೆಳಿಗ್ಗೆಯೇ ಅಣ್ಣನನ್ನು ಅತ್ತೆ ಮನೆಗೆ ಕಳಿಸಿದ್ದೆವು. ಹೇಳಿದ್ದು ನಾನೇ. ಅಪ್ಪ ಅಮ್ಮ ಮಾತಾಡಲಿಲ್ಲ. ಅವನು ಆಗಲೇ ಸ್ನಾನ ಮಾಡಿ, ಹೊಸ ಶರ್ಟು ಹಾಕಿ, ಜಗಲಿ ಮೇಲೆ ಕೂತಿದ್ದ. ನೆಂಟರು ಬರುತ್ತಾರೆ ಅಂತ ಅವನಿಗೂ ಗೊತ್ತಿತ್ತು.

ಅದಾದ ಮೇಲೆ ನಾನು ಊರಿಗೆ ಹೋದಾಗಲೆಲ್ಲ ಅವನು ನನ್ನ ಚಪ್ಪಲಿ ತೆಗೆದು ಬೀದಿಗೆ ಎಸೆಯುತ್ತಾನೆ. ಬೇರೆ ಯಾರದ್ದೂ ಮುಟ್ಟುವುದಿಲ್ಲ. ನನ್ನದು ಮಾತ್ರ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ಅವನಿಗೆ ತಿಳಿಯಲ್ಲ, ಬಿಡು." ನಾನೂ ಹಾಗೇ ಅಂದುಕೊಂಡೆ. ಅದರಿಂದ ನನಗೇ ಅನುಕೂಲ ಇತ್ತು. ತಿಳಿಯದವನ ಹತ್ತಿರ ತಪ್ಪಾಯ್ತು ಅಂತ ಹೇಳೋ ಅಗತ್ಯ ಇರಲ್ಲ ಅಲ್ವಾ?

ನನಗೆ "ದೇವರ ಮಗು" ಅನ್ನೋ ಮಾತಿನ ಮೇಲೂ ಸಿಟ್ಟಿದೆ. ಒಳ್ಳೆ ಮನಸ್ಸಿಂದಲೇ ಹೇಳುತ್ತಾರೆ, ಗೊತ್ತು. ಆದರೆ ದೇವರ ಮಗು ಸಿಟ್ಟಾಗುವ ಹಾಗಿಲ್ಲ. ಅವನ ಜೊತೆ ಬದುಕುವವರಿಗೆ ಸಾಕಾಗುವ ಹಾಗಿಲ್ಲ. ಒಂದೇ ಮಾತಿನಲ್ಲಿ ಇಬ್ಬರ ಬಾಯಿಯೂ ಮುಚ್ಚುತ್ತದೆ. ನನಗೆ ಹತ್ತು ವರ್ಷ ಇದ್ದಾಗಲೇ ನೆಂಟರು ತಲೆ ಸವರಿ, "ಮುಂದೆ ಅವನನ್ನ ನೀನೇ ನೋಡ್ಕೋಬೇಕಪ್ಪ" ಅನ್ನುತ್ತಿದ್ದರು. ನಿನಗೆ ಹೇಗನ್ನಿಸುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಅಣ್ಣನನ್ನಂತೂ ಯಾರೂ ಏನೂ ಕೇಳಿಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ಇಂಥವರು ಸುಮಾರು 15 ಲಕ್ಷ ಅಂತ ಲೆಕ್ಕ ಸಿಕ್ಕಿತ್ತು. ಅವರ ಹಿಂದೆ ಮುಂದೆ ಹುಟ್ಟಿದವರು ಎಷ್ಟು ಜನ ನನ್ನ ಹಾಗೆ ಊರು ಬಿಟ್ಟು ಓಡಿರಬಹುದು!

ಈಗ ಅಪ್ಪನಿಗೆ 76. ಅಣ್ಣನಂಥವರಿಗೆ ಹದಿನೆಂಟು ದಾಟಿದ ಮೇಲೆ ಹೆತ್ತವರೂ ಕಾನೂನಿನ ಲೆಕ್ಕದಲ್ಲಿ ತಾನಾಗಿ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕರನ್ನು ನೇಮಿಸಿ ಅಂತ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು, ಅದರಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ತುಂಬಾ ಮನೆಗಳಿಗೆ ಇದು ಗೊತ್ತೇ ಇಲ್ಲ. ತಂದೆ ತಾಯಿ ಹೋದ ಮೇಲೆ ಬ್ಯಾಂಕಿನಲ್ಲೋ ಪಹಣಿ ಬದಲಾಯಿಸುವಾಗಲೋ ಗೊತ್ತಾಗುತ್ತದೆ. ದಯವಿಟ್ಟು ಅವರು ಇರುವಾಗಲೇ ಈ ಕೆಲಸ ಮಾಡಿ. ನಮ್ಮಪ್ಪ ನನ್ನ ಹೆಸರಲ್ಲಿ ಹಾಕೋಕೆ ಹೇಳಿ ಎರಡು ವರ್ಷ ಆಯ್ತು. ಅರ್ಜಿ ನನ್ನ ಬ್ಯಾಗಿನಲ್ಲೇ ಇದೆ.

ಈ ಅರ್ಜಿಯ ಗಡಿಬಿಡಿಯಲ್ಲೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ ಓದಿದೆ. ಅದರಲ್ಲಿ ಸೀಮಿತ ಪಾಲಕತ್ವ ಅಂತ ಒಂದಿದೆ. ಪಾಲಕ ಒಬ್ಬನೇ ತೀರ್ಮಾನ ಮಾಡುವ ಹಾಗಿಲ್ಲ, ಇಬ್ಬರೂ ಸೇರಿ ಮಾಡಬೇಕು. ಅದು ಇಬ್ಬರ ನಡುವಿನ ತಿಳುವಳಿಕೆ, ನಂಬಿಕೆ ಮೇಲೆ ನಡೆಯಬೇಕು, ಅವನ ಇಷ್ಟದ ಪ್ರಕಾರ ಇರಬೇಕು. ನಂಬಿಕೆ ಅನ್ನೋ ಪದದ ಹತ್ತಿರ ನಿಂತುಬಿಟ್ಟೆ. ನನ್ನ ಚಪ್ಪಲಿ ಬೀದಿಗೆ ಎಸೆಯುವವನ ಪಾಲಕ ನಾನು ಆಗೋದು ಹೇಗೆ? ಲೇಖನ ಅಳಿಸಿದ್ದು ಅವತ್ತು ರಾತ್ರಿ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಅಟ್ಟ ಹತ್ತಿ ಅವನ ಪಕ್ಕ ಕೂತೆ. ಇದನ್ನು ಫೋನಿನಲ್ಲಿ ಬರೆದುಕೊಂಡಿದ್ದೆ, ನಿಧಾನವಾಗಿ ಓದಿ ಹೇಳಿದೆ. ಸ್ಕೂಲಿನ ಕಥೆಗೆ ಅವನು ಕಿವಿ ಕೊಡಲಿಲ್ಲ, ಕಾಯಿ ಅಲ್ಲಾಡಿಸುತ್ತಲೇ ಇದ್ದ. ಅತ್ತೆ ಮನೆ ಅಂದ ತಕ್ಷಣ ಕೈ ನಿಂತಿತು.

"ಅವತ್ತು ಹೋಳಿಗೆ ಮಾಡಿದ್ರಿ," ಅಂದ. "ನಂಗೆ ಇಡ್ಲಿಲ್ಲ."

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಕೆಳಗೆ ಬಂದು ಅಮ್ಮನನ್ನು ಕೇಳಿದೆ. ಹೌದು, ಹೋಳಿಗೆ ಮಾಡಿದ್ದರಂತೆ. ಸಂಜೆ ಅವನು ಬರುವಷ್ಟರಲ್ಲಿ ಖಾಲಿಯಾಗಿತ್ತಂತೆ.

ಮತ್ತೆ ಅಟ್ಟ ಹತ್ತಿ, ಇದನ್ನ ಎಲ್ಲರೂ ಓದೋ ಹಾಗೆ ಹಾಕಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದ. ಕೈಯಲ್ಲಿದ್ದ ಕಾಯಿ ಎಡಕ್ಕೆ ಇಟ್ಟ.

"ಹೋಳಿಗೇದೂ ಬರಿ," ಅಂದ.

ಬರೆದಿದ್ದೇನೆ.