ಕಾರಿನ ಹೆಡ್‌ಲೈಟ್ ಬಲ್ಬ್ ಬದಲಿಸುವ ಮೊದಲು ವೈರ್ ನೋಡಿ

ಹೋದ ಡಿಸೆಂಬರ್. ಭತ್ತದ ಕೊಯ್ಲು ಜೋರಾಗಿತ್ತು. ಸಿಂಧನೂರಿನಲ್ಲಿ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಬಳ್ಳಾರಿಗೆ ವಾಪಸ್ ಬರುತ್ತಿದ್ದೆ. ರಾತ್ರಿ ಹತ್ತೂವರೆ ಆಗಿರಬೇಕು. ಸಿರುಗುಪ್ಪ ದಾಟಿ ತೆಕ್ಕಲಕೋಟೆ ಕಡೆ ಬರುವಾಗ ಎದುರಿಗೆ ಒಂದು ಲಾರಿ ಬಂತು. ಅದರ ಬಿಳಿ ಲೈಟು ನೇರ ಕಣ್ಣಿಗೆ ಹೊಡೆಯಿತು. ನಾನು ಡಿಪ್ ಮಾಡಿದೆ, ಅವರು ಮಾಡಲಿಲ್ಲ. ಲಾರಿ ಹೋದ ಮೇಲೂ ಎರಡು ಮೂರು ಸೆಕೆಂಡು ನನಗೆ ರಸ್ತೆಯೇ ಇರಲಿಲ್ಲ. ಆಮೇಲೆ ಆ ಕತ್ತಲೆಯೊಳಗಿಂದ ಒಂದು ಟ್ರೇಲರ್‌ನ ಹಿಂಭಾಗ ಎದ್ದು ಬಂತು.

ಭತ್ತದ ಚೀಲ ತುಂಬಿದ ಟ್ರ್ಯಾಕ್ಟರ್ ಪಂಕ್ಚರ್ ಆಗಿ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ ಇಟ್ಟಿದ್ದರು, ಅಷ್ಟೆ. ಸ್ಟಿಯರಿಂಗ್ ಬಲಕ್ಕೆ ಎಳೆದೆ. ಚಕ್ರದ ಪಕ್ಕ ಒಬ್ಬ ಹುಡುಗ ಕೈಯಲ್ಲಿ ಪಾನಾ ಹಿಡಿದು ಕೂತಿದ್ದ. ನನ್ನ ಕಾರಿನ ಕನ್ನಡಿ ಅವನ ತಲೆಯಿಂದ ಒಂದು ಮೊಳ ದೂರದಲ್ಲಿ ಹೋಗಿರಬಹುದು.

ಮುಂದೆ ಹೋಗಿ ಗಾಡಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಆಗ ನನ್ನ ವೇಗ 70 ಇತ್ತು. ಅಂದರೆ ಸೆಕೆಂಡಿಗೆ 19 ಮೀಟರ್. ಮೂರು ಸೆಕೆಂಡು ಕಾಣಲಿಲ್ಲ ಅಂದರೆ ಹೆಚ್ಚುಕಮ್ಮಿ 60 ಮೀಟರ್ ನಾನು ಕುರುಡನ ಹಾಗೆ ಗಾಡಿ ಓಡಿಸಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಮಾಡಿದ ಮೊದಲ ಕೆಲಸ, ಅಂಗಡಿಗೆ ಹೋಗಿ "ಇರೋದ್ರಲ್ಲೇ ಜೋರಾದ ಲೈಟ್ ಕೊಡಿ" ಅಂದಿದ್ದು. ನನ್ನದು 2013ರ ಸ್ವಿಫ್ಟ್. ಎಚ್4 ಅನ್ನುವ ನಮೂನೆಯ ಹ್ಯಾಲೊಜೆನ್ ಬಲ್ಬ್. ಅಂಗಡಿಯವರು ಅದನ್ನು ತೆಗೆದು ಅದೇ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕಿ ಕೊಟ್ಟರು. ಹತ್ತು ನಿಮಿಷದ ಕೆಲಸ. ಗೋಡೆ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳಕು. ಮನಸ್ಸಿಗೆ ಸಮಾಧಾನ ಆಯ್ತು.

ಸುಮಾರು ಮೂರು ವಾರ ಅದರಲ್ಲೇ ಓಡಾಡಿದೆ. ಎದುರಿನವರು ಪದೇ ಪದೇ ಲೈಟ್ ಮಿಣುಕಿಸುತ್ತಿದ್ದರು. ನಾನು ಡಿಪ್‌ನಲ್ಲೇ ಇದ್ದೀನಲ್ಲ ಅಂದುಕೊಂಡು ಸುಮ್ಮನಿದ್ದೆ. ಒಂದು ದಿನ ನನ್ನ ತಮ್ಮ ಬೈಕಿನಲ್ಲಿ ಊರಿಂದ ಬರುತ್ತಿದ್ದ. ನಾನು ಎದುರಿನಿಂದ ಹೋಗುತ್ತಿದ್ದೆ. ಇಬ್ಬರಿಗೂ ಗೊತ್ತಿಲ್ಲ. ಮರುದಿನ ಮಾತಿಗೆ ಮಾತು ಬಂದು ಸಮಯ, ಜಾಗ ಎರಡೂ ತಾಳೆಯಾದವು. "ಅಣ್ಣ, ಅದು ನಿನ್ ಗಾಡೀನಾ? ನಂಗ ಏನೂ ಕಾಣ್ಲಿಲ್ಲ. ಟಾರ್ ಬಿಟ್ಟು ಮಣ್ಣಿಗಿಳಿಸಿ ನಿಲ್ಲಿಸ್ಬಿಟ್ಟೆ. ಹಿಂದ ಹೆಂಡ್ತಿ, ಮಗು ಇತ್ತು" ಅಂದ.

ಆ ಲಾರಿಯವರ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೋ, ಅದೆಲ್ಲ ಅವತ್ತು ನನ್ನ ಮೇಲೇ ಬಂತು. ಅವರು ನನಗೆ ಮಾಡಿದ್ದನ್ನೇ ನಾನು ಮೂರು ವಾರ ಎಷ್ಟು ಜನಕ್ಕೆ ಮಾಡಿದ್ದೆನೋ. ಅವತ್ತೇ ಆ ಬಲ್ಬ್ ತೆಗೆಸಿ ಹಳೆಯದನ್ನೇ ಹಾಕಿಸಿದೆ. ಅಲ್ಲಿಂದ ಮುಂದೆ ಕಲಿತಿದ್ದನ್ನು ಹೇಳಬೇಕು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಎಚ್4 ಬಲ್ಬ್ ಕೈಯಲ್ಲಿ ಹಿಡಿದು ನೋಡಿದ್ದೀರಾ? ಗಾಜಿನೊಳಗೆ ಎರಡು ಸಣ್ಣ ಸುರುಳಿ ತಂತಿ ಇರುತ್ತವೆ. ಒಂದು ಡಿಪ್‌ಗೆ, 55 ವ್ಯಾಟ್. ಇನ್ನೊಂದು ಬ್ರೈಟ್‌ಗೆ, 60 ವ್ಯಾಟ್. ಡಿಪ್ ಸುರುಳಿಯ ಕೆಳಗೆ ಚಮಚದಂಥ ಒಂದು ಪುಟ್ಟ ಲೋಹದ ತುಂಡು ಇದೆ. ಅದು ಬೆಳಕು ರಿಫ್ಲೆಕ್ಟರ್‌ನ, ಅಂದರೆ ಬಲ್ಬಿನ ಸುತ್ತ ಇರುವ ಕನ್ನಡಿಯಂಥ ಬಟ್ಟಲಿನ, ಕೆಳಗಿನ ಅರ್ಧಕ್ಕೆ ಹೋಗದ ಹಾಗೆ ತಡೆಯುತ್ತದೆ. ಮೇಲಿನ ಅರ್ಧಕ್ಕೆ ಬಡಿದ ಬೆಳಕು ಮಾತ್ರ ಕೆಳಗೆ ಬಾಗಿ ರಸ್ತೆಗೆ ಬೀಳುತ್ತದೆ. ಎದುರಿನವರ ಕಣ್ಣು ಉಳಿಯುವುದು ಆ ಚಮಚದಿಂದ. ರಿಫ್ಲೆಕ್ಟರ್‌ನ ಒಂದೊಂದು ತಿರುವನ್ನೂ ಆ ಸುರುಳಿ ಇರುವ ಜಾಗ, ಅದರ ಗಾತ್ರ ನೋಡಿಯೇ ಮಾಡಿರುತ್ತಾರೆ. ಅಲ್ಲಿ ಚಪ್ಪಟೆ ಪಟ್ಟಿಗೆ ಅಂಟಿಸಿದ ಎಲ್‌ಇಡಿ ಕೂರಿಸಿದರೆ ಬೆಳಕು ಹುಟ್ಟುವ ಜಾಗವೇ ಬದಲಾಗುತ್ತದೆ. ಆಗ ರಸ್ತೆಗೆ ಬೀಳಬೇಕಾದದ್ದು ಮೇಲಕ್ಕೆ, ಪಕ್ಕಕ್ಕೆ ಚೆಲ್ಲುತ್ತದೆ.

ನಮಗೂ ಅದರಿಂದ ಅಂಥ ಲಾಭ ಇಲ್ಲ. ಗಾಡಿಯ ಮುಂದಿನ ಹತ್ತು ಹದಿನೈದು ಮೀಟರ್ ಬೆಳ್ಳಗೆ ಹೊಳೆಯುತ್ತದೆ. ಕಣ್ಣಿನ ಪಾಪೆ ಅದಕ್ಕೇ ಕಿರಿದಾಗುತ್ತದೆ. ಆಮೇಲೆ ದೂರದ್ದು ಮೊದಲಿಗಿಂತ ಕತ್ತಲೆಯಾಗಿ ಕಾಣುತ್ತದೆ. ಬೆಳಕು ಜಾಸ್ತಿ ಆಯ್ತು ಅಂತ ಅನ್ನಿಸುತ್ತದೆ, ಆದರೆ ದೂರದ ಟ್ರೇಲರ್ ಕಾಣುವುದಿಲ್ಲ. ಕಂಪನಿಯಿಂದಲೇ ಎಲ್‌ಇಡಿ ದೀಪದ ಜತೆ ಬಂದ ಕಾರುಗಳ ವಿಷಯ ಬೇರೆ. ಅಲ್ಲಿ ಇಡೀ ದೀಪವನ್ನೇ ಎಲ್‌ಇಡಿಗೆ ಅಂತ ಮಾಡಿರುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಳ್ಳಾರಿಯಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಇದ್ದಾರೆ. ಲಾರಿ ವೈರಿಂಗ್ ಮಾಡುತ್ತಲೇ ತಲೆ ಬೆಳ್ಳಗಾದವರು. ಅವರ ಹತ್ತಿರ ಹೋಗಿ ಯಾವ ಬಲ್ಬ್ ಹಾಕಲಿ ಅಂತ ಕೇಳಿದೆ. ಬಲ್ಬಿನ ಮಾತೇ ಎತ್ತಲಿಲ್ಲ. ಇಂಜಿನ್ ಚಾಲೂ ಮಾಡಿಸಿ, ವೋಲ್ಟ್ ಅಳೆಯುವ ಮೀಟರ್ ತಂದು ಬ್ಯಾಟರಿಗೆ ಹಿಡಿದರು. 14.1 ವೋಲ್ಟ್. ಆಮೇಲೆ ಲೈಟ್ ಹಾಕಿಸಿ ಬಲ್ಬಿನ ಹಿಂದಿನ ಹೋಲ್ಡರ್‌ನಲ್ಲಿ ಹಿಡಿದರು. 12.4. "ನೋಡ್ರಿ, ಒಂದೂಮುಕ್ಕಾಲು ವೋಲ್ಟ್ ದಾರಿಯಾಗ ಹೋತು. ಬಲ್ಬಿಗೆ ಹೊಟ್ಟಿ ತುಂಬ ಉಣ್ಣಾಕ ಹಾಕ್ರಿ ಮೊದ್ಲು" ಅಂದರು.

ಹ್ಯಾಲೊಜೆನ್ ಬಲ್ಬಿನ ಗುಣ ಹೀಗಿದೆ. ವೋಲ್ಟ್ ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ. ವೋಲ್ಟ್ 10 ಪರ್ಸೆಂಟ್ ಕಡಿಮೆ ಆದರೆ ಬೆಳಕು ಸುಮಾರು 30 ಪರ್ಸೆಂಟ್ ಕಡಿಮೆ ಆಗುತ್ತದೆ. ಎಚ್4 ಬಲ್ಬ್ ಡಿಪ್‌ನಲ್ಲಿ 1,000 ಲ್ಯೂಮೆನ್ (ಬೆಳಕಿನ ಅಳತೆ) ಕೊಡಬೇಕು, ಬ್ರೈಟ್‌ನಲ್ಲಿ 1,650. ಆದರೆ ಅದು 13.2 ವೋಲ್ಟ್ ಸಿಕ್ಕರೆ ಮಾತ್ರ. ನನ್ನ ಬಲ್ಬಿಗೆ ಅಷ್ಟು ಯಾವತ್ತೂ ಸಿಕ್ಕೇ ಇರಲಿಲ್ಲ. ಹಳೆಯ ಕಾರುಗಳಲ್ಲಿ ಈ ಕರೆಂಟು ಸಣ್ಣ ವೈರಿನಲ್ಲಿ, ಸವೆದ ಸ್ವಿಚ್ಚು, ಹಸಿರುಗಟ್ಟಿದ ಕನೆಕ್ಟರ್ ಎಲ್ಲ ದಾಟಿ ಬರಬೇಕು. ಎರಡು ಬಲ್ಬಿಗೆ 9–10 ಆಂಪಿಯರ್. ಒಂದೊಂದು ಕಡೆ ಒಂದಷ್ಟು ಸೋರಿ ಹೋಗುತ್ತದೆ.

ಅವರು ರಿಲೇ ಹಾಕಿದರು. ರಿಲೇ ಅಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್ಚು. ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ದಪ್ಪ ವೈರು, ನೇರ ಬಲ್ಬಿಗೆ. ಡಿಪ್‌ಗೆ ಒಂದು ರಿಲೇ, ಬ್ರೈಟ್‌ಗೆ ಒಂದು. ಹಳೆಯ ವೈರು ರಿಲೇಗೆ ಸನ್ನೆ ಕೊಡುವುದಕ್ಕೆ ಮಾತ್ರ. ಕಂಪನಿ ವೈರಿಂಗ್ ಎಲ್ಲೂ ಕತ್ತರಿಸಲಿಲ್ಲ. ಪ್ಲಾಸ್ಟಿಕ್ ಹೋಲ್ಡರ್ ಕಪ್ಪಾಗಿತ್ತು, ಅದನ್ನು ತೆಗೆದು ಸೆರಾಮಿಕ್ ಹಾಕಿದರು. ಅರ್ತಿಂಗ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿ ಮಾಡಿದರು. ಅರ್ತಿಂಗ್ ಸರಿ ಇಲ್ಲದೆ ರಿಲೇ ಹಾಕಿದರೆ ಅರ್ಧ ಕೆಲಸ ಅಂತ ಎರಡು ಸಲ ಹೇಳಿದರು. ಆಮೇಲೆ ಮತ್ತೆ ಮೀಟರ್ ಹಿಡಿದರು. 13.8. ಅದೇ ಹಳೆಯ ಬಲ್ಬು, ಲೆಕ್ಕದ ಪ್ರಕಾರ 40 ಪರ್ಸೆಂಟ್ ಜಾಸ್ತಿ ಬೆಳಕು. ಸಂಜೆ ನಾನೇ ನೋಡಿದೆ. ಹಳದಿ ಮಂಕು ಹೋಗಿತ್ತು. ನನಗೆ ಎಲ್ಲ ಸೇರಿ 1,800 ರೂಪಾಯಿ ಖರ್ಚಾಯ್ತು. ಎಲ್‌ಇಡಿಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆ. ವೋಲ್ಟ್ ಜಾಸ್ತಿ ಸಿಕ್ಕರೆ ಬಲ್ಬಿನ ಆಯಸ್ಸು ಕಮ್ಮಿ ಆಗುತ್ತದೆ, ಅದು ನಿಜ. ನಾನು ಈಗ ಡಿಕ್ಕಿಯಲ್ಲಿ ಒಂದು ಬಲ್ಬ್ ಇಟ್ಟುಕೊಂಡೇ ಓಡಾಡುತ್ತೇನೆ.

ಕೆಲವರು ರಿಲೇ ಹಾಕಿದ ಮೇಲೆ 100/90 ವ್ಯಾಟ್ ಬಲ್ಬ್ ಹಾಕಿಸಿಕೊಳ್ಳುತ್ತಾರೆ. ಬೇಡ. ಆ ಬಿಸಿಗೆ ರಿಫ್ಲೆಕ್ಟರ್‌ನ ಹೊಳಪು ಸುಟ್ಟು ಹೋಗುತ್ತದೆ, ಆಮೇಲೆ ಯಾವ ಬಲ್ಬ್ ಹಾಕಿದರೂ ಬೆಳಕು ಬರುವುದಿಲ್ಲ. ರಸ್ತೆಯಲ್ಲಿ ಕಾನೂನಿಗೂ ವಿರುದ್ಧ. ನೀಲಿ ಬಣ್ಣ ಬಳಿದ ಹ್ಯಾಲೊಜೆನ್ ಕೂಡ ಬೇಡ. ಆ ಬಣ್ಣ ಬೆಳಕನ್ನು ತಡೆಯುತ್ತದೆ, ನೋಡೋಕೆ ಬಿಳಿ ಅಷ್ಟೆ. ಖರ್ಚು ಮಾಡುವುದೇ ಆದರೆ 60/55 ವ್ಯಾಟಿನಲ್ಲೇ ಒಳ್ಳೆಯ ಬಲ್ಬ್ ತಗೊಳ್ಳಿ. ಫಿಲಿಪ್ಸ್ ಎಕ್ಸ್‌ಟ್ರೀಮ್ ವಿಷನ್, ಒಸ್ರಾಮ್ ನೈಟ್ ಬ್ರೇಕರ್ ಥರದವು. ಡಬ್ಬಿಯ ಮೇಲೆ 130 ಪರ್ಸೆಂಟ್ ಜಾಸ್ತಿ ಅಂತ ಬರೆದಿದ್ದರೆ ಒಟ್ಟು ಬೆಳಕು ಅಷ್ಟು ಜಾಸ್ತಿ ಅಂತ ತಿಳಿಯಬೇಡಿ. ನಿಯಮ ಕೇಳುವ ಕನಿಷ್ಠ ಬೆಳಕಿನ ಜತೆ, ರಸ್ತೆಯ ಒಂದು ಭಾಗದಲ್ಲಿ ಹೋಲಿಸಿ ಹಾಗೆ ಹಾಕುತ್ತಾರೆ. ದೂರಕ್ಕೆ ಸ್ವಲ್ಪ ಚೆನ್ನಾಗಿ ಕಾಣುತ್ತದೆ, ಆದರೆ ಈ ಬಲ್ಬುಗಳು ಬೇಗ ಸುಟ್ಟು ಹೋಗುತ್ತವೆ. ಇನ್ನೊಂದು, ಹಾಕುವಾಗ ಗಾಜಿಗೆ ಬರಿಗೈ ಮುಟ್ಟಿಸಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಗಾಜು ಹಾಳಾಗುತ್ತದೆ.

ನಮ್ಮ ಕಡೆ ಮಾತ್ರ ಇರುವ ಒಂದು ತೊಂದರೆ ಹೇಳಬೇಕು. ಕೆಂಪು ಧೂಳು. ಸಂಡೂರು, ತೋರಣಗಲ್ಲು ಕಡೆ ಓಡಾಡುವವರಿಗೆ ಗೊತ್ತು. ಅದಿರಿನ ಪುಡಿ ಲೈಟಿನ ಮೇಲೆ ಕೂತಿರುತ್ತದೆ, ನಾವು ಒಣ ಬಟ್ಟೆಯಲ್ಲಿ ಒರೆಸುತ್ತೇವೆ. ಅದು ಒರೆಸಿದ ಹಾಗಲ್ಲ, ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ. ಈಗಿನ ಲೈಟಿನ ಮುಂಭಾಗ ಗಾಜಲ್ಲ, ಪ್ಲಾಸ್ಟಿಕ್. ಗೀರು ಬೀಳುತ್ತದೆ. ಮೇಲೆ ನಮ್ಮ ಬಿಸಿಲು ಬೇರೆ. ನಾಲ್ಕೈದು ವರ್ಷಕ್ಕೆ ಹಳದಿಯಾಗಿ ಮಬ್ಬಾಗುತ್ತದೆ. ಮಬ್ಬಾದ ಲೈಟು ಬೆಳಕನ್ನು ನುಂಗುತ್ತದೆ, ಉಳಿದದ್ದನ್ನು ಎದುರಿನವರ ಕಣ್ಣಿಗೆ ಚದುರಿಸುತ್ತದೆ. ಹಾಗಾಗಿ ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಒರೆಸಿ. ಮಬ್ಬಾಗಿದ್ದರೆ 1000, 2000, 3000 ನಂಬರಿನ ವಾಟರ್ ಪೇಪರ್‌ನಲ್ಲಿ ಒದ್ದೆ ಮಾಡಿಕೊಂಡು ಉಜ್ಜಿ, ಪಾಲಿಶ್ ಹಾಕಿ, ಕೊನೆಗೆ ಬಿಸಿಲು ತಡೆಯುವ ಯುವಿ ಕೋಟಿಂಗ್ ಹಾಕಿಸಿ. ಕೋಟಿಂಗ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಮಳೆ ಮುಗಿದ ಮೇಲೆ ಭತ್ತದ ಗದ್ದೆ ಬಯಲಿನಲ್ಲಿ, ಸಿರುಗುಪ್ಪ, ಕಂಪ್ಲಿ, ಗಂಗಾವತಿ ಕಡೆ, ಸಣ್ಣ ಹಸಿರು ಹುಳುಗಳು ಮೋಡದ ಹಾಗೆ ಬರುತ್ತವಲ್ಲ, ಅವು ಲೈಟಿಗೂ ಮುಂದಿನ ಗಾಜಿಗೂ ಮೆತ್ತಿಕೊಳ್ಳುತ್ತವೆ. ಟೀಗೆ ನಿಂತಾಗ ಒಂದು ಬಾಟಲ್ ನೀರು ಹಾಕಿ ತೊಳೆಯಿರಿ. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ. ಒಳಗೆ ಎಣ್ಣೆ ಪೊರೆಯಂಥದ್ದು ಕಟ್ಟಿರುತ್ತದೆ, ಎದುರಿನ ಲೈಟ್ ಬಿದ್ದಾಗ ಅದೇ ಪೂರ್ತಿ ಬೆಳ್ಳಗಾಗುತ್ತದೆ.

ಆಮೇಲೆ ಲೈಟಿನ ದಿಕ್ಕು. ಇದಕ್ಕೆ ದುಡ್ಡೇ ಬೇಡ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ. ಟೈರಿಗೆ ಸರಿಯಾಗಿ ಗಾಳಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಲೈಟ್ ಏರಿಸಿ ಇಳಿಸುವ ನಾಬ್ ಸೊನ್ನೆಯಲ್ಲಿರಲಿ. ಬಲ್ಬಿನ ಮಧ್ಯಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಳೆಯಿರಿ. ಗೋಡೆಯಲ್ಲಿ ಡಿಪ್ ಬೆಳಕಿನ ಮೇಲಂಚು ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಇರಬೇಕು. ಬಲಗಡೆ ಅಂಚು ನೇರ, ಎಡಗಡೆ ಸ್ವಲ್ಪ ಮೇಲಕ್ಕೆ ಏರಿರಬೇಕು. ಎಡಕ್ಕೆ ಏರುವುದು ರಸ್ತೆ ಬದಿ ನಡೆಯುವವರು ಕಾಣಲಿ ಅಂತ. ನನ್ನ ಬಲಗಡೆ ಲೈಟು ಆಕಾಶ ನೋಡುತ್ತಿತ್ತು. ಯಾವಾಗಲೋ ಬಂಪರ್ ಬಿಚ್ಚಿ ಹಾಕಿದಾಗ ಹಾಗಾಗಿರಬೇಕು. ಹಿಂದೆ ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಅಕ್ಕಿ ಚೀಲ ಇದ್ದರೆ ಕಾರಿನ ಮೂತಿ ಮೇಲಕ್ಕೇಳುತ್ತದೆ. ಆ ನಾಬ್ ಇರುವುದು ಅದಕ್ಕೇ. ನಾನು ಹತ್ತು ವರ್ಷ ಅದನ್ನು ಮುಟ್ಟಿರಲಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮ 1989ರಲ್ಲಿ 106ನೇ ನಿಯಮ ಇದೆ. ದೀಪದಿಂದ 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಕುಕ್ಕದ ಹಾಗೆ ಬೆಳಕು ಕೆಳಗೆ ಬಾಗಿರಬೇಕು ಅನ್ನುತ್ತದೆ. 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟಿನ ಮೇಲೆ ಕೇಸ್ ಹಾಕಿದಾಗ ಬಹಳ ಜನ ಬೈದರು. ನನಗೆ ಅದು ಸರಿ ಅನ್ನಿಸುತ್ತದೆ. ನಮ್ಮ ರಸ್ತೆಯಲ್ಲಿ ಯಾರ್ಯಾರು ಇರುತ್ತಾರೆ ನೋಡಿ. ಹುಣ್ಣಿಮೆ ಬಂದರೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ನಡೆದು ಹೋಗುವವರು. ಯುಗಾದಿ ಮುಂಚೆ ರಾಯಚೂರು ಕಡೆ ಶ್ರೀಶೈಲಕ್ಕೆ ಹೊರಟವರು, ಬಿಸಿಲಿಗೆ ಹೆದರಿ ರಾತ್ರಿಯೇ ನಡೆಯುತ್ತಾರೆ. ಕುರಿ ಹಿಂಡು, ಎತ್ತಿನಗಾಡಿ, ರಸ್ತೆ ಮೇಲೇ ಒಣ ಹಾಕಿದ ಭತ್ತ, ಅದರ ಪಕ್ಕ ಕಾಯುತ್ತಾ ಮಲಗಿದ ರೈತ. ಇವರಿಗೆ ಯಾರಿಗೂ ಲೈಟಿಲ್ಲ. ನಮ್ಮ ಲೈಟಿನಲ್ಲೇ ಅವರು ಬದುಕಬೇಕು.

ಲೈಟ್ ಎಷ್ಟೇ ಸರಿ ಮಾಡಿಸಿದರೂ ವೇಗದ ಲೆಕ್ಕ ಇದ್ದೇ ಇದೆ. 80ರ ವೇಗದಲ್ಲಿ ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ 33 ಮೀಟರ್ ಹೋಗಿರುತ್ತೇವೆ. ನಿಲ್ಲುವುದಕ್ಕೆ ಇನ್ನೂ ಸುಮಾರು 35. ಡಿಪ್‌ನಲ್ಲಿ ಕಪ್ಪು ಕಂಬಳಿ ಹೊದ್ದವರು ಅಷ್ಟು ದೂರದಿಂದ ಕಾಣುವುದಿಲ್ಲ. ಎದುರು ಗಾಡಿ ಬಂದು ಡಿಪ್ ಮಾಡಿದ ಕೂಡಲೇ ನಾನು ಈಗ 50ಕ್ಕೆ ಇಳಿಸುತ್ತೇನೆ. ಕಣ್ಣನ್ನು ಎಡಗಡೆಯ ಬಿಳಿ ಗೆರೆ ಮೇಲೆ ಇಡುತ್ತೇನೆ.

ಮನೆಯಲ್ಲಿ ಟ್ರ್ಯಾಕ್ಟರ್ ಇರುವವರಿಗೆ ಒಂದು ಮಾತು. ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಧೂಳು ತೊಳೆದು, ಒಣಗಿಸಿ ಅಂಟಿಸಿದರೆ ನಿಲ್ಲುತ್ತದೆ. ಅಕ್ಕನ ಮನೆಯ ಎರಡು ಟ್ರೇಲರಿಗೂ ಸಂಕ್ರಾಂತಿಯ ದಿನ ನಾನೇ ಅಂಟಿಸಿ ಬಂದೆ. ಪಕ್ಕದ ಮನೆಯವರು ಉಳಿದದ್ದನ್ನು ಇಸಿದುಕೊಂಡರು.

ನನ್ನ ಹತ್ತಿರ ಈಗ ಒಂದು ಮೀಟರ್ ಇದೆ. ನಮ್ಮ ಮನೆ ಮುಂದಿನ ಜಾಗ ಸಮತಟ್ಟಾಗಿದೆ. ಕಾಂಪೌಂಡ್ ಗೋಡೆಯಿಂದ 5 ಮೀಟರಿಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದೇನೆ. ಬಳ್ಳಾರಿಯಲ್ಲಿರುವ ಗೆಳೆಯರು ಭಾನುವಾರ ಸಂಜೆ ಕತ್ತಲಾದ ಮೇಲೆ ಕಾರು ತಗೊಂಡು ಬನ್ನಿ. ವೋಲ್ಟ್ ನೋಡೋಣ, ಲೈಟಿನ ದಿಕ್ಕು ನೋಡೋಣ. ಒಂದು ಗಾಡಿಗೆ ಇಪ್ಪತ್ತು ನಿಮಿಷ ಸಾಕು. ಬರುವ ಮುಂಚೆ ಮೆಸೇಜ್ ಹಾಕಿ. ಸ್ಕ್ರೂ ಡ್ರೈವರ್ ನನ್ನ ಹತ್ತಿರ ಇದೆ, ಟೈರಿಗೆ ಗಾಳಿ ಮಾತ್ರ ನೀವೇ ಹಾಕಿಸಿಕೊಂಡು ಬನ್ನಿ.