ವಸಂತದ ಪಾರುಪತ್ತೇಗಾರ

ಹಳ್ಳಿಯಲ್ಲಿರುವವನ ಮನೆಗೆ ಪೇಟೆಯ ಗೆಳೆಯ ಬರುವುದಾದರೆ ಚೈತ್ರದಲ್ಲೇ ಬರಬೇಕು. ಬೇರೆ ತಿಂಗಳಲ್ಲಿ ಬಂದರೆ ಅವನು ನೆಂಟ, ನಾವು ಮನೆಯವರು, ಅಷ್ಟೇ. ಚೈತ್ರದಲ್ಲಿ ಬಂದನೋ, ನಾವು ವಸಂತದ ಪಾರುಪತ್ತೇಗಾರರು! ಹೊಂಗೆ ಚಿಗುರಿದ್ದು ನಮ್ಮ ಅಪ್ಪಣೆಯಿಂದ, ಮಾವು ಮಿಡಿ ಕಚ್ಚಿದ್ದು ನಮ್ಮ ಮುತುವರ್ಜಿಯಿಂದ ಎನ್ನುವ ಠೀವಿ ತಾನಾಗಿ ಬಂದುಬಿಡುತ್ತದೆ. ವರ್ಷವಿಡೀ ತಲೆಯೆತ್ತಿ ನೋಡದ ಮರದ ಕೆಳಗೆ ನಿಂತು ‘ಹೇಗಿದೆ?’ ಅನ್ನುತ್ತೇವೆ. ಅವನು ‘ಚೆನ್ನಾಗಿದೆ ಕಣೋ’ ಅಂದರೆ, ‘ಏನೋ, ಕೈಲಾದಷ್ಟು’ ಎಂಬಂತೆ ನಗುತ್ತೇವೆ.

ಆದರೆ ನನ್ನ ಗೆಳೆಯ ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಅವನ ತಲೆಯಲ್ಲಿದ್ದದ್ದು ಕ್ಯಾಲೆಂಡರಿನ ವಸಂತ, ನೆಲ ತುಂಬ ಹಸಿರು, ಹಸಿರಿನ ತುಂಬ ಹೂವು. ಇಲ್ಲಿ ನೋಡಿದರೆ ಹುಲ್ಲು ಒಣಗಿ ಪುಡಿಯಾಗಿದೆ, ಕೆರೆಯಂಚು ಬಿರುಕು ಬಿಟ್ಟಿದೆ, ಹೆಜ್ಜೆಯಿಟ್ಟಲ್ಲೆಲ್ಲ ತರಗೆಲೆಯ ಸದ್ದು. ‘ಇದು ಬೇಸಿಗೆ ಅಲ್ವೇನೋ?’ ಅಂದ. ‘ಕೆಳಗೆ ನೋಡಬೇಡ, ಮೇಲೆ ನೋಡು’ ಅಂದೆ. ನಿಜಕ್ಕೂ ನಮ್ಮ ಬಯಲುಸೀಮೆಯ ವಸಂತಕ್ಕೆ ನೆಲದ ಮೇಲೆ ಜಾಗವಿಲ್ಲ. ಅದು ಮಾಳಿಗೆಯಲ್ಲೇ ವಾಸ.

ಮಳೆ ನಿಂತು ತಿಂಗಳುಗಳಾದ ಮೇಲೆ, ಬಿಸಿಲು ಏರುವಾಗಲೇ ಮರಗಳು ಚಿಗುರುವ ಧೈರ್ಯ ಮಾಡುವುದು ನನಗಿನ್ನೂ ಸೋಜಿಗ. ಹಳೆಯ ಎಲೆ ಉದುರಿಸಿದ ಮೇಲೆ ನೀರಿನ ಖರ್ಚು ಕಡಿಮೆ. ಆಳದ ಬೇರು, ಕಾಂಡ ಕೂಡಿಟ್ಟದ್ದರಲ್ಲಿ ಹೊಸ ಸಂಸಾರ ಹೂಡುತ್ತವೆ. ಹಗಲು ಉದ್ದವಾಗುತ್ತಿರುವುದು ಎಷ್ಟೋ ಮರಗಳಿಗೆ ಗೊತ್ತಾಗುತ್ತದಂತೆ. ಇಷ್ಟು ಹೇಳುವಷ್ಟರಲ್ಲಿ ಗೆಳೆಯ ಅರಳಿಮರದ ಬಗ್ಗಿದ ಟೊಂಗೆಯೊಂದರ ಹತ್ತಿರ ಹೋಗಿಯಾಗಿತ್ತು. ಎಳೆಯ ಎಲೆ ತಾಮ್ರಗೆಂಪು, ಮುಟ್ಟಿದರೆ ಕಸುವೇ ಇಲ್ಲದಷ್ಟು ಮೆತ್ತಗೆ, ಜೋತುಬಿದ್ದಿತ್ತು. ಬಿಸಿಲಿಗೆ ಹಿಡಿದರೆ ನರ ನರವೂ ಕಾಣುತ್ತಿತ್ತು, ಉದ್ದನೆಯ ತುದಿ ಗಾಳಿಯಿಲ್ಲದೆಯೂ ಅಲ್ಲಾಡುತ್ತಿತ್ತು. ಹಸಿರು ಆಮೇಲೆ ಬರುತ್ತದೆ. ಎಳಸಿನಲ್ಲಿ ಈ ಕೆಂಪು ಬಣ್ಣ ಬಿರುಬಿಸಿಲಿನಿಂದ ಎಲೆಯನ್ನು ಕಾಯುತ್ತದೆ ಎನ್ನುತ್ತಾರೆ. ಅವನು ಎಲೆ ಕೀಳಲಿಲ್ಲ. ಅದೊಂದಕ್ಕೆ ಅವನ ಮೇಲೆ ಗೌರವ ಹೆಚ್ಚಿತು.

ಮುತ್ತುಗದ ಹತ್ತಿರ ಮಾತ್ರ ಮಾನ ಹೋಗುವುದರಲ್ಲಿತ್ತು. ಒಂದೂ ಎಲೆಯಿಲ್ಲದ ಸೊಟ್ಟ ಮರ, ಮೈಯೆಲ್ಲ ಕಿತ್ತಳೆ ಕೆಂಪು. ಬಿದ್ದ ಹೂವೊಂದನ್ನು ಎತ್ತಿಕೊಂಡು, ಕಪ್ಪು ಮಖಮಲ್ಲಿನಂಥ ತೊಟ್ಟನ್ನೂ ಗಿಳಿಯ ಕೊಕ್ಕಿನಂಥ ಎಸಳನ್ನೂ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಮೂಸಿದ. ನಾನೇ ಕಲಬೆರಕೆ ಮಾಲು ಮಾರಿದವನೇನೋ ಅನ್ನುವ ಹಾಗೆ ನನ್ನತ್ತ ನೋಡಿದ. ‘ವಾಸನೆ ಇಲ್ವಲ್ಲೋ!’ ಇದು ನಿನಗಾಗಿ ಬಿಟ್ಟ ಹೂವಲ್ಲಪ್ಪ, ಹಕ್ಕಿಗಳಿಗೆ. ಅವಕ್ಕೆ ಬಣ್ಣ ಸಾಕು, ಮಕರಂದ ಸಾಕು. ಸೂರಕ್ಕಿಯೊಂದು ಅದೇ ಹೊತ್ತಿಗೆ ಬಂದು ಕೊಕ್ಕು ತೂರಿಸಿ ನನ್ನ ಪರ ಸಾಕ್ಷಿ ಹೇಳಿತು.

ಇನ್ನು ಕೋಗಿಲೆ. ಹಗಲೆಲ್ಲ ಕಾಯಿಸಿದೆ. ‘ಈಗ ಕೂಗುತ್ತೆ ನೋಡು’ ಅಂದಾಗಲೆಲ್ಲ ಕಾಗೆ ಕೂಗಿತು. ಅತಿಥಿಯ ಮುಂದೆ ಬಾಯಿ ಬಿಡದ ಮನೆಮಕ್ಕಳ ಜಾತಿ ಅದು. ಬೆಳಗಿನ ಜಾವ ಇನ್ನೂ ಕತ್ತಲಿರುವಾಗ, ಗೆಳೆಯ ಮಲಗಿದ್ದ ಕೋಣೆಯ ಕಿಟಕಿಗೇ ಬಂದಂತೆ ಶುರುಮಾಡಿತು ನೋಡಿ, ಪ್ರತಿ ಕೂಗೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ. ಇನ್ನೇನು ಗಂಟಲು ಹರಿಯಿತು ಅನ್ನುವಲ್ಲಿ ನಿಲ್ಲಿಸಿ, ಮತ್ತೆ ಕೆಳಗಿನಿಂದ. ಕೆಂಗಣ್ಣಿನ ಗೆಳೆಯ ಹೊರಗೆ ಬಂದು, ‘ಇದಕ್ಕೆ ಸ್ವಿಚ್ಚಿಲ್ವೇನೋ?’ ಎಂದು ಕೇಳಿದ.

ಕೂಗುವುದು ಗಂಡು, ಅದರ ಕಣ್ಣೂ ನಿನ್ನ ಹಾಗೇ ಕೆಂಪು, ಹೆಣ್ಣಿನದು ಕಂದು ಮೈ, ಬಿಳಿ ಚುಕ್ಕೆ ಎಂದೆಲ್ಲ ಸಮಾಧಾನ ಹೇಳುತ್ತಾ ಕಾಗೆಗೂಡಿನ ವಿಷಯವನ್ನೂ ಎತ್ತಿದೆ. ಗೂಡಿನ ಬಳಿ ಗಂಡು ಬಂದು ಕಾಗೆಗಳನ್ನು ಕೆಣಕಿ ಅಟ್ಟಿಸಿಕೊಂಡು ಹೋಗುವಂತೆ ಮಾಡುವುದುಂಟು, ಅಷ್ಟರಲ್ಲಿ ಹೆಣ್ಣು ಮೊಟ್ಟೆಯಿಟ್ಟು ಮಾಯ. ಸಾಕುವ ಕೆಲಸ ಕಾಗೆಯದು. ಅಲ್ಲಿಗೆ ಗೆಳೆಯನ ನಿದ್ದೆಯ ಸಿಟ್ಟಿಗೊಂದು ದಾರಿ ಸಿಕ್ಕಿತು. ‘ಹಾಡೋದು ಇವನು, ಹೊತ್ತು ಹೊತ್ತಿಗೆ ಉಣಿಸೋದು ಅವಳು. ಹೊಗಳಿಕೆ ಮಾತ್ರ ಇವನಿಗೆ!’ ಎಂದು ಅಂದಿನಿಂದ ಕಾಗೆಯ ಪಕ್ಷ ಸೇರಿಬಿಟ್ಟ. ಕೋಗಿಲೆ ಕೂಗಿದಾಗಲೆಲ್ಲ ಸುತ್ತ ಕಾಗೆಗಳು ಎಚ್ಚರವಾಗಿವೆಯೇ ಎಂದು ನೋಡತೊಡಗಿದ.

ಬಸ್ಸು ಹತ್ತುವಾಗಲೂ ಅದೇ ಚಿಂತೆ. ‘ಕಾಗೆ ಗೂಡು ಕಟ್ಟಿದ ಮೇಲೆ ಮೊಟ್ಟೆ ಎಷ್ಟಿವೆ ಅಂತ ಹತ್ತಿ ನೋಡಿ ಫೋನ್ ಮಾಡು’ ಅಂದ. ಕಾಗೆಯಿಂದ ನೆತ್ತಿ ಕುಕ್ಕಿಸಿಕೊಳ್ಳುವ ಉಮೇದು ನನಗಿರಲಿಲ್ಲ. ‘ಆಗಲಿ’ ಅಂದೆ.